ಮರಳಿನ ನೆರಿಗೆಯಲ್ಲಿ ದಪ್ಪ ಕಾಳು ಮೇಲೇಕೆ?

(ನಮ್ಮೂರಿನ ಗ್ರಂಥಾಲಯದಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ತಟ್ಟೆ, ರವೆ, ಸಾಸಿವೆ ಇಟ್ಟುಕೊಂಡು ತೋರಿಸಿದ್ದನ್ನು ಇಲ್ಲಿ ಬರೀ ಮಾತಿನಲ್ಲಿ ಹೇಳಬೇಕಾಗಿದೆ.)

ಎಲ್ಲರಿಗೂ ನಮಸ್ಕಾರ.

ಜೈಸಲ್ಮೇರಿನಿಂದ ಪಶ್ಚಿಮಕ್ಕೆ ಸುಮಾರು 40 ಕಿಲೋಮೀಟರ್ ಹೋದರೆ ಸಮ್ ಅಂತ ಒಂದು ಊರು. ಅಲ್ಲಿ ಮರಳು ದಿಬ್ಬಗಳಿವೆ. ನಮ್ಮ ಕಡೆಯಿಂದ ರಾಜಸ್ಥಾನ ಟೂರ್ ಹೋದವರು ಅಲ್ಲಿ ಒಂಟೆ ಹತ್ತಿ ಫೋಟೋ ತೆಗೆಸಿಕೊಳ್ಳದೆ ಬರುವುದಿಲ್ಲ. ನಾನೂ ತೆಗೆಸಿಕೊಂಡೆ. ಆಮೇಲೆ ನಮ್ಮ ಗುಂಪಿನವರೆಲ್ಲ ಸೂರ್ಯ ಮುಳುಗುವುದನ್ನು ನೋಡುತ್ತಾ ನಿಂತರು. ನಾನು ಮಾತ್ರ ಮಂಡಿಯೂರಿ ನೆಲ ನೋಡುತ್ತಾ ಕೂತಿದ್ದೆ. ಒಂಟೆಯವನು ಹತ್ತಿರ ಬಂದು, "ಏನು ಬಿತ್ತು ಸಾಬ್, ಉಂಗುರಾನಾ?" ಅಂತ ಹಿಂದಿಯಲ್ಲಿ ಕೇಳಿದ. ಪಾಪ, ಹುಡುಕಿಕೊಡಲು ಅವನೂ ಬಗ್ಗಿದ.

ಬಿದ್ದದ್ದು ಏನೂ ಇರಲಿಲ್ಲ. ದಿಬ್ಬದ ಮೈಮೇಲೆಲ್ಲ ಸಾಲು ಸಾಲು ನೆರಿಗೆ. ಬಾಚಣಿಗೆಯಿಂದ ಬಾಚಿದ ಹಾಗೆ. ಒಂದರಿಂದ ಇನ್ನೊಂದಕ್ಕೆ ನಾಲ್ಕು ಬೆರಳಿನಷ್ಟು ಅಂತರ. ಎತ್ತರ ಅರ್ಧ ಬೆರಳೂ ಇಲ್ಲ. ಇಳಿಬಿಸಿಲು ಓರೆಯಾಗಿ ಬೀಳುತ್ತಿದ್ದರಿಂದ ಒಂದೊಂದು ನೆರಿಗೆಯೂ ಬಿಡಿಸಿ ಬರೆದಂತೆ ಕಾಣುತ್ತಿತ್ತು. ಜೇಬಿನಲ್ಲಿ ಒಂದು ಹಳೆಯ ಬಿಲ್ ಇತ್ತು. ಅದನ್ನು ಎರಡು ತುಂಡು ಮಾಡಿದೆ. ಒಂದರಲ್ಲಿ ನೆರಿಗೆಯ ನೆತ್ತಿಯಿಂದ ಒಂದು ಚಿಟಿಕೆ ಮರಳು. ಇನ್ನೊಂದರಲ್ಲಿ ತಗ್ಗಿನಿಂದ ಒಂದು ಚಿಟಿಕೆ. ಕಣ್ಣಿಗೆ ಎರಡೂ ಒಂದೇ. ಆದರೆ ಬೆರಳಲ್ಲಿ ಉಜ್ಜಿದರೆ ಗೊತ್ತಾಗುತ್ತದೆ. ನೆತ್ತಿಯದು ಬನ್ಸಿ ರವೆ. ತಗ್ಗಿನದು ಚಿರೋಟಿ ರವೆ.

ಇದರಲ್ಲಿ ವಿಶೇಷ ಏನಿದೆ ಅಂತ ನಿಮಗೆ ಅನಿಸಬಹುದು. ಸ್ವಲ್ಪ ಯೋಚಿಸಿ. ಕಣದಲ್ಲಿ ರಾಶಿ ತೂರಿದವರು ಇಲ್ಲಿ ಎಷ್ಟು ಜನ ಇದ್ದೀರಿ? ಕೈ ಎತ್ತಿ. ಪರವಾಗಿಲ್ಲ, ಹಿಂದಿನ ಸಾಲಿನಲ್ಲಿ ಆರೇಳು ಜನ ಇದ್ದೀರಿ. ಗಾಳಿಗೆ ಮೊರ ಎತ್ತಿ ಸುರಿದರೆ ಏನಾಗುತ್ತದೆ? ಗಟ್ಟಿ ಕಾಳು ಕಾಲ ಬುಡದಲ್ಲೇ ಬೀಳುತ್ತದೆ. ಜಳ್ಳು ದೂರ ಹೋಗುತ್ತದೆ. "ಗಾಳಿ ಬಂದಾಗ ತೂರಿಕೋ" ಅನ್ನುವ ಗಾದೆಯೇ ಇದೆಯಲ್ಲ. ಅಂದರೆ ಗಾಳಿ ಭಾರದ್ದನ್ನು ಕೆಳಗೆ ಬಿಡುತ್ತದೆ, ಹಗುರಾದದ್ದನ್ನು ಮೇಲೆ ಒಯ್ಯುತ್ತದೆ ಅಂತ ನಮಗೆ ಹುಟ್ಟಿನಿಂದ ಗೊತ್ತು. ಆ ಲೆಕ್ಕದಲ್ಲಿ ದಪ್ಪ ಮರಳು ತಗ್ಗಿನಲ್ಲಿರಬೇಕು, ಸಣ್ಣದು ನೆತ್ತಿಯಲ್ಲಿರಬೇಕು. ಇರುವುದು ತಿರುಗುಮುರುಗು. ಇನ್ನೂ ಒಂದು ವಿಷಯ. ನೀರಿನ ಅಡಿಯಲ್ಲಿ ಮೂಡುವ ನೆರಿಗೆಗಳಲ್ಲಿ ದಪ್ಪ ಕಾಳು ಸಾಮಾನ್ಯವಾಗಿ ತಗ್ಗಿನಲ್ಲೇ ಸೇರುತ್ತದೆ. ಗಾಳಿಯ ನೆರಿಗೆಯಲ್ಲಿ ಮಾತ್ರ ಅದು ಮೇಲೆ ಹೋಗಿ ಕೂತಿರುತ್ತದೆ. ಇವತ್ತಿನ ಮಾತೆಲ್ಲ ಇದೊಂದೇ ಪ್ರಶ್ನೆಯ ಸುತ್ತ. ಅದನ್ನು ಮೇಲೆ ಹತ್ತಿಸಿದ್ದು ಯಾರು?

ಮೊದಲು ಗಾಳಿ ಮರಳನ್ನು ಹೇಗೆ ಸಾಗಿಸುತ್ತದೆ ಅಂತ ನೋಡೋಣ. ಮೂರು ಬಗೆ. ಧೂಳು ತೇಲುತ್ತದೆ. ಮರಳು ಕುಪ್ಪಳಿಸುತ್ತದೆ. ದಪ್ಪ ಮರಳು ತೆವಳುತ್ತದೆ. ಈ ಮೂರು ಕ್ರಿಯಾಪದ ನೆನಪಿದ್ದರೆ ಅರ್ಧ ಪಾಠ ಮುಗಿದ ಹಾಗೆ.

ಧೂಳು ಅಂದರೆ ಮಿಲಿಮೀಟರಿನ ಹದಿನಾರನೇ ಒಂದು ಭಾಗಕ್ಕಿಂತ ಸಣ್ಣದು. ಒಮ್ಮೆ ಎದ್ದರೆ ಗಂಟೆಗಟ್ಟಲೆ ಇಳಿಯುವುದಿಲ್ಲ, ಒಂದು ದೇಶದಿಂದ ಇನ್ನೊಂದಕ್ಕೂ ಹೋಗುತ್ತದೆ. ನಮ್ಮ ನೆರಿಗೆಯಲ್ಲಿ ಅದಕ್ಕೆ ಪಾತ್ರವಿಲ್ಲ. ಹಾಗಂತ ಧೂಳು ಬಹಳ ಸುಲಭವಾಗಿ ಏಳುತ್ತದೆ ಅಂದುಕೊಳ್ಳಬೇಡಿ. ನುಣ್ಣಗೆ ಹರಡಿದ ಸಿಮೆಂಟ್ ಪುಡಿಯ ಮೇಲೆ ಸಣ್ಣ ಕಲ್ಲುಗಳನ್ನು ಉರುಳಿಸುವಷ್ಟು ಗಾಳಿ ಬಿಟ್ಟರೂ ಪುಡಿ ಕದಲಲಿಲ್ಲ ಅಂತ ಪ್ರಯೋಗ ಮಾಡಿ ನೋಡಿದವರಿದ್ದಾರೆ. ಪುಡಿಯ ಕಣಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಜೊತೆಗೆ, ನೆಲಕ್ಕೆ ತೀರಾ ಹತ್ತಿರ ಗಾಳಿ ಬಹಳ ನಿಧಾನ. ಆ ನಿಧಾನದ ಪದರದಲ್ಲಿ ಪುಡಿ ತಲೆ ಎತ್ತದೆ ಮಲಗಿರುತ್ತದೆ. ಗಾಳಿಗೆ ಎಲ್ಲಕ್ಕಿಂತ ಸುಲಭವಾಗಿ ಸಿಗುವುದು ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸಿನ ಕಾಳು. ಅದಕ್ಕಿಂತ ಸಣ್ಣದಾದರೂ ಕಷ್ಟ, ದೊಡ್ಡದಾದರೂ ಕಷ್ಟ. ಹಾಗಾದರೆ ಮರುಭೂಮಿಯಲ್ಲಿ ಧೂಳು ಹೇಗೆ ಏಳುತ್ತದೆ? ಕುಪ್ಪಳಿಸುವ ಮರಳು ಬಂದು ಅದರ ಮೇಲೆ ಬಡಿಯುತ್ತದೆ. ಪೆಟ್ಟು ತಿಂದ ಧೂಳು ಚಿಮ್ಮುತ್ತದೆ. ಅಲ್ಲಿಂದ ಮುಂದೆ ಅದು ಗಾಳಿಯ ಸ್ವತ್ತು.

ಈ ಪೆಟ್ಟು ಅನ್ನುವುದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಮುಂದೆ ಎಲ್ಲ ಕಡೆಯೂ ಅದೇ ಬರುತ್ತದೆ.

ಆ ಸಿಮೆಂಟ್ ಪ್ರಯೋಗ ಮಾಡಿದವನು ರಾಲ್ಫ್ ಬ್ಯಾಗ್ನೋಲ್ಡ್. ಹುಟ್ಟಿದ್ದು 1896ರಲ್ಲಿ. ಬ್ರಿಟಿಷ್ ಸೈನ್ಯದಲ್ಲಿ ಎಂಜಿನಿಯರ್. 1920ರ ದಶಕದಲ್ಲಿ ಈಜಿಪ್ಟಿಗೆ ವರ್ಗವಾಯಿತು. ರಜೆ ಸಿಕ್ಕರೆ ಬೇರೆ ಅಧಿಕಾರಿಗಳು ಕ್ಲಬ್ಬಿಗೆ ಹೋದರೆ, ಈತ ಗೆಳೆಯರನ್ನು ಕಟ್ಟಿಕೊಂಡು ಫೋರ್ಡ್ ಕಾರಿನಲ್ಲಿ ಲಿಬಿಯಾ ಮರುಭೂಮಿಗೆ ನುಗ್ಗುತ್ತಿದ್ದ. ಕಾರು ಅಲ್ಲಿ ಓಡುವುದೇ ಇಲ್ಲ ಅಂತ ಎಲ್ಲರೂ ಅಂದುಕೊಂಡಿದ್ದ ಕಾಲ. ಟೈರಿನ ಗಾಳಿ ಕಡಿಮೆ ಮಾಡಿದರೆ ಮರಳಿನ ಮೇಲೆ ಹೋಗಬಹುದು ಅನ್ನುವುದನ್ನು, ರೇಡಿಯೇಟರಿನ ಆವಿಯನ್ನು ಹಿಡಿದು ಮತ್ತೆ ನೀರಾಗಿಸುವುದನ್ನು ಈ ಗುಂಪು ರೂಢಿಗೆ ತಂದಿತು. ದಿಕ್ಸೂಚಿ ಕಾರಿನ ಕಬ್ಬಿಣಕ್ಕೆ ದಾರಿ ತಪ್ಪುತ್ತದೆ ಅಂತ ಬಿಸಿಲಿನ ನೆರಳಿನಿಂದ ದಿಕ್ಕು ಹೇಳುವ ಸಲಕರಣೆಯನ್ನೂ ಬಳಸಿದ.

ಕಾರು ಓಡಿಸುವವನಿಗೆ ಮರಳಿನ ಗುಣ ತಿಳಿಯದೆ ಗತಿಯಿಲ್ಲ. ಒಂದು ಕಡೆ ಮರಳು ಸಿಮೆಂಟ್ ನೆಲದಂತೆ ಗಟ್ಟಿ. ಹತ್ತು ಮಾರು ಆಚೆ ಅಚ್ಚಿನವರೆಗೆ ನುಂಗುತ್ತದೆ. ಎರಡೂ ನೋಡಲು ಒಂದೇ ಥರ. ಯಾಕೆ? ಈ ಪ್ರಶ್ನೆ ಹಿಡಿದುಕೊಂಡು 1935ರಲ್ಲಿ ಸೈನ್ಯದಿಂದ ನಿವೃತ್ತನಾದ. ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಗಾಜಿನ ಪಕ್ಕೆಗಳಿದ್ದ ಒಂದು ಉದ್ದನೆಯ ಗಾಳಿ ಸುರಂಗ ಕಟ್ಟಿದ. ಅದರೊಳಗೆ ಮರಳು ಸುರಿದು, ಗಾಳಿ ಎಳೆದು, ಪಕ್ಕದಿಂದ ಬೆಳಕು ಬಿಟ್ಟು ನೋಡುತ್ತಾ ಕೂತ. 1941ರಲ್ಲಿ ಅವನ ಪುಸ್ತಕ ಬಂತು. ಹಾರುವ ಮರಳಿನ ಬಗ್ಗೆ ಕೆಲಸ ಮಾಡುವವರು ಇವತ್ತಿಗೂ ಅದನ್ನು ತೆರೆಯುತ್ತಾರೆ. ಅಷ್ಟರಲ್ಲಿ ಯುದ್ಧ ಶುರುವಾಗಿ, ಅವನನ್ನು ಮತ್ತೆ ಸೈನ್ಯ ಕರೆದುಕೊಂಡಿತ್ತು. 1940ರಲ್ಲಿ ಮರುಭೂಮಿಯಲ್ಲಿ ಓಡಾಡುವ ಒಂದು ವಿಶೇಷ ಪಡೆಯನ್ನೇ ಕಟ್ಟಿದ. ಆ ಕತೆ ಇನ್ನೊಂದು ದಿನಕ್ಕಿರಲಿ.

ಗಾಜಿನ ಪಕ್ಕೆಯಿಂದ ಬ್ಯಾಗ್ನೋಲ್ಡ್ ಕಂಡದ್ದು ಇದು. ಗಾಳಿಗೆ ಸಿಕ್ಕ ಕಾಳು ಮೊದಲು ಕಡಿದಾಗಿ ಮೇಲೆ ಹಾರುತ್ತದೆ. ಮೇಲೆ ಗಾಳಿ ಜೋರು. ಅದು ಕಾಳನ್ನು ಮುಂದಕ್ಕೆ ತಳ್ಳುತ್ತದೆ. ಕಾಳು ವೇಗ ಪಡೆದುಕೊಂಡು ಕೆಳಗಿಳಿಯುತ್ತದೆ. ಇಳಿಯುವುದು ಮಾತ್ರ ಬಹಳ ಓರೆಯಾಗಿ. ನೆಲಕ್ಕೆ 10ರಿಂದ 16 ಡಿಗ್ರಿ ಕೋನ, ಅಷ್ಟೇ. ಬಡಿದಲ್ಲಿಂದ ಪುಟಿದು ಮತ್ತೆ ಹಾರುತ್ತದೆ. ಇದನ್ನು ಸಾಲ್ಟೇಶನ್ ಅನ್ನುತ್ತಾರೆ. ಲ್ಯಾಟಿನ್ನಿನಲ್ಲಿ ಜಿಗಿಯುವುದು ಅಂತ ಅರ್ಥ. ಉಪ್ಪಿಗೂ ಇದಕ್ಕೂ ಸಂಬಂಧವಿಲ್ಲ. ನಮಗೆ ಕುಪ್ಪಳಿಕೆ ಸಾಕು.

ಒಂದು ತಮಾಷೆ ಇದೆ. ಈ ಕುಪ್ಪಳಿಕೆ ಶುರುವಾಗಲು ಗಾಳಿ ಜೋರಾಗಿ ಬೇಕು. ಆದರೆ ಒಮ್ಮೆ ಶುರುವಾದರೆ ಗಾಳಿ ಸ್ವಲ್ಪ ತಗ್ಗಿದರೂ ನಡೆಯುತ್ತದೆ. ಶುರುವಾಗಲು ಬೇಕಾದ ವೇಗದ ಶೇಕಡಾ 80ರಷ್ಟು ಇದ್ದರೆ ಸಾಕು. ಯಾಕೆಂದರೆ ಈಗ ಕಾಳುಗಳನ್ನು ಎಬ್ಬಿಸುತ್ತಿರುವುದು ಗಾಳಿಯಲ್ಲ, ಮೇಲಿಂದ ಬಂದು ಬೀಳುವ ಕಾಳುಗಳ ಪೆಟ್ಟು. ತಳ್ಳಿ ಸ್ಟಾರ್ಟ್ ಮಾಡಿದ ಸ್ಕೂಟರ್ ಆಮೇಲೆ ತಾನಾಗಿ ಓಡುವುದಿಲ್ಲವೇ, ಹಾಗೆ.

ನೀರಿನಲ್ಲಿ ಈ ಆಟ ನಡೆಯುವುದಿಲ್ಲ. ಮರಳಿನ ಕಾಳು ನೀರಿಗಿಂತ ಎರಡೂವರೆ ಪಟ್ಟು ಚಿಲ್ಲರೆ ಭಾರ, ಅಷ್ಟೇ. ನೀರು ಅದರ ಪೆಟ್ಟನ್ನು ಮೆತ್ತಗೆ ಮಾಡಿಬಿಡುತ್ತದೆ. ಗಾಳಿಗಿಂತ ಅದೇ ಕಾಳು ಸುಮಾರು ಎರಡು ಸಾವಿರ ಪಟ್ಟು ಭಾರ. ಗಾಳಿಯಲ್ಲಿ ಅದು ಗುಂಡಿನಂತೆ ಬಂದು ಬಡಿಯುತ್ತದೆ. ನೀರಿನ ನೆರಿಗೆ, ಗಾಳಿಯ ನೆರಿಗೆ ನೋಡಲು ಅಣ್ಣತಮ್ಮಂದಿರು. ಹುಟ್ಟು ಮಾತ್ರ ಪೂರಾ ಬೇರೆ.

ಈಗ ಪೆಟ್ಟು ತಿಂದ ಜಾಗದಲ್ಲಿ ಏನಾಗುತ್ತದೆ ನೋಡಿ. (ಇಲ್ಲಿ ತಟ್ಟೆಯ ರವೆಗೆ ಓರೆಯಾಗಿ ಒಂದು ಕಡಲೆ ಎಸೆದು ತೋರಿಸಿದೆ. ಮುಂದಿನ ಸಾಲಿನ ಮಕ್ಕಳ ಮುಖಕ್ಕೆ ರವೆ ಹಾರಿತು.) ಬಡಿದ ಕಾಳು ಮುಂದೆ ಪುಟಿದು ಹೋಗುತ್ತದೆ. ಅದು ಬಿದ್ದಲ್ಲಿ ನಾಲ್ಕಾರು ಕಾಳುಗಳು ಚಿಮ್ಮುತ್ತವೆ. ಇವು ದೂರ ಹೋಗುವುದಿಲ್ಲ. ಒಂದೆರಡು ಸೆಂಟಿಮೀಟರ್ ಪಕ್ಕಕ್ಕೆ ಬಿದ್ದು ಸುಮ್ಮನಾಗುತ್ತವೆ. ಒಂದು ದೊಡ್ಡ ಜಿಗಿತಕ್ಕೆ ಇಂಥ ಹಲವು ಪುಟ್ಟ ಜಿಗಿತಗಳು. ಇನ್ನು ಹತ್ತಿರದಲ್ಲಿ ದಪ್ಪ ಕಾಳು ಇದ್ದರೆ ಅದು ಹಾರುವುದೇ ಇಲ್ಲ. ಪೆಟ್ಟಿಗೆ ಒಂಚೂರು ಮುಂದಕ್ಕೆ ಸರಿಯುತ್ತದೆ. ಅದೇ ತೆವಳಿಕೆ. ಸಾಗುವ ಮರಳಿನಲ್ಲಿ ಹೆಚ್ಚು ಕಡಿಮೆ ಕಾಲು ಭಾಗ ಹೀಗೆ ತೆವಳಿಕೊಂಡೇ ಹೋಗುತ್ತದೆ ಅಂತ ಬ್ಯಾಗ್ನೋಲ್ಡ್ ಲೆಕ್ಕ ಹಾಕಿದ್ದ.

ಅವನದೇ ಇನ್ನೊಂದು ಲೆಕ್ಕ ನನಗೆ ಬಹಳ ಇಷ್ಟ. ಜೋರಾಗಿ ಬರುವ ಒಂದು ಕಾಳು ತನಗಿಂತ ಆರು ಪಟ್ಟು ದಪ್ಪದ ಕಾಳನ್ನು ಸರಿಸಬಲ್ಲದು. ದಪ್ಪ ಆರು ಪಟ್ಟು ಅಂದರೆ ತೂಕ ಎಷ್ಟು ಪಟ್ಟು? ಆರು ಆರಲ ಮೂವತ್ತಾರು, ಇನ್ನೊಂದು ಆರು ಸೇರಿಸಿ ಗುಣಿಸಿದರೆ 216. ಅಂದರೆ ಕಾಲು ಮಿಲಿಮೀಟರ್ ಕಾಳು ಒಂದೂವರೆ ಮಿಲಿಮೀಟರ್ ಕಾಳನ್ನು ತಳ್ಳುತ್ತದೆ. ಚಿರೋಟಿ ರವೆ ಸಾಸಿವೆ ಕಾಳನ್ನು ತಳ್ಳಿದ ಹಾಗೆ. ಗೋಲಿ ಎಸೆದು ತೆಂಗಿನಕಾಯಿ ಸರಿಸಿದ ಹಾಗೆ ಅಂದರೂ ಆಯಿತು. ಒಂದು ಗೋಲಿಗೆ ಕಾಯಿ ಕೂದಲೆಳೆಯಷ್ಟು ಸರಿಯಬಹುದು. ಆದರೆ ಗೋಲಿಗಳು ನಿಲ್ಲದೆ ಬರುತ್ತಲೇ ಇರುತ್ತವಲ್ಲ.

ನೆರಿಗೆ ಹೇಗೆ ಹುಟ್ಟುತ್ತದೆ? ಇದಕ್ಕೆ ಮಳೆಗಾಲದ ಇರಚಲು ನೆನಪಿಸಿಕೊಳ್ಳಿ. ಗಾಳಿ ಮಳೆ ಓರೆಯಾಗಿ ಬಂದಾಗ ಏನಾಗುತ್ತದೆ? ಮಳೆ ಬರುವ ದಿಕ್ಕಿನ ಗೋಡೆ ತೊಯ್ದು ತೊಪ್ಪೆ. ಮನೆಯ ಹಿಂದಿನ ಗೋಡೆ ಒಣಗಿಯೇ ಇರುತ್ತದೆ. ಹಿತ್ತಿಲಲ್ಲಿ ಗೋಡೆಗೆ ಹತ್ತಿಕೊಂಡು ಒಂದೆರಡು ಅಡಿ ನೆಲವೂ ಒಣಗಿರುತ್ತದೆ. ಕುಪ್ಪಳಿಸುವ ಮರಳು ಕೂಡ ಇರಚಲಿನಂತೆ ಓರೆಯಾಗಿ ಬೀಳುತ್ತದೆ ಅಂದೆನಲ್ಲ. ಚಪ್ಪಟೆ ಮರಳಿನ ಮೇಲೆ ಎಲ್ಲೋ ಒಂದು ಪುಟ್ಟ ಉಬ್ಬು ಇದೆ ಅಂದುಕೊಳ್ಳಿ. ಇರುವೆ ಎತ್ತಿ ಹಾಕಿದ್ದೋ, ಸುಮ್ನೆ ನಾಲ್ಕು ಕಾಳು ಒಟ್ಟಾಗಿ ಬಿದ್ದದ್ದೋ. ಆ ಉಬ್ಬಿನ ಗಾಳಿ ಮಗ್ಗುಲಿಗೆ ಇರಚಲು ನೇರವಾಗಿ ಬಡಿಯುತ್ತದೆ. ಹಿಂದಿನ ಮರೆ ಮಗ್ಗುಲಿಗೆ ಅಷ್ಟಾಗಿ ತಾಗುವುದಿಲ್ಲ.

ಗಾಳಿ ಮಗ್ಗುಲಲ್ಲಿ ಪೆಟ್ಟು ಜಾಸ್ತಿ. ಅಲ್ಲಿಂದ ಚಿಮ್ಮುವ ಕಾಳು ಜಾಸ್ತಿ. ಅವೆಲ್ಲ ಮುಂದಕ್ಕೆ, ಅಂದರೆ ಉಬ್ಬಿನ ನೆತ್ತಿಯ ಕಡೆಗೆ ಹೋಗುತ್ತವೆ. ನೆತ್ತಿ ದಾಟಿದವು ಮರೆಯಲ್ಲಿ ಬೀಳುತ್ತವೆ. ಮರೆಯಲ್ಲಿ ಪೆಟ್ಟು ಕಡಿಮೆ. ಬಿದ್ದವನ್ನು ಅಲ್ಲಿಂದ ಎಬ್ಬಿಸುವವರಿಲ್ಲ. ಉಬ್ಬು ಬೆಳೆಯಿತು. ಬೆಳೆದಷ್ಟೂ ಮರೆ ದೊಡ್ಡದಾಯಿತು. ಮರೆ ಮುಗಿಯುವ ಕಡೆ ಮತ್ತೆ ಇರಚಲು ಪೂರ್ತಿ ಬಲದಲ್ಲಿ ನೆಲಕ್ಕೆ ಬೀಳುತ್ತದೆ. ಅಲ್ಲಿಂದ ಕಾಳುಗಳು ಚಿಮ್ಮಿ ಮುಂದೆ ಇನ್ನೊಂದು ಉಬ್ಬು. ಹೀಗೆ ಒಂದರ ಮುಂದೆ ಒಂದು. ಸಾಧಾರಣ ಗಾಳಿಯಲ್ಲಿ ಹತ್ತು ಹದಿನೈದು ನಿಮಿಷಕ್ಕೆ ನೆರಿಗೆ ಕಣ್ಣಿಗೆ ಕಾಣುವಂತಾಗುತ್ತದೆ. ಬೇಕಾದರೆ ಕಾಲಲ್ಲಿ ಅಳಿಸಿ, ಒಂದು ಟೀ ಕುಡಿದು ಬನ್ನಿ. ಗಾಳಿ ಇದ್ದರೆ ಮತ್ತೆ ಮೂಡಿರುತ್ತದೆ.

ಮೂಡಿದ ನೆರಿಗೆ ನಿಂತಲ್ಲಿ ನಿಲ್ಲುವುದಿಲ್ಲ. ಗಾಳಿ ಮಗ್ಗುಲು ಸವೆಯುತ್ತದೆ, ಮರೆ ಮಗ್ಗುಲು ತುಂಬುತ್ತದೆ. ಹಾಗಾಗಿ ಇಡೀ ನೆರಿಗೆ ಮುಂದಕ್ಕೆ ನಡೆಯುತ್ತದೆ. ಚಿಕ್ಕದು ಬೇಗ ನಡೆಯುತ್ತದೆ, ದೊಡ್ಡದು ನಿಧಾನ. ಚಿಕ್ಕದು ದೊಡ್ಡದನ್ನು ಹಿಂದಿನಿಂದ ಮುಟ್ಟಿ ಅದರೊಳಗೆ ಸೇರಿಹೋಗುತ್ತದೆ. ಇಲ್ಲಿರುವ ಫೋಟೋದಲ್ಲಿ ನೋಡಿ, ಕೆಲವು ಕಡೆ ನೆರಿಗೆ ಕವಲೊಡೆದ ಕೊಂಬೆಯಂತೆ ಕಾಣುತ್ತದೆ. ಅವು ಸೇರುವ, ಬಿಡುವ ಜಾಗಗಳು. ಶುರುವಿನಲ್ಲಿ ಇಂಥ ಕವಲುಗಳು ತುಂಬ ಇರುತ್ತವೆ. ಗಾಳಿ ಒಂದೇ ದಿಕ್ಕಿನಿಂದ ಬೀಸುತ್ತಾ ಹೋದರೆ ಕವಲು ಕಡಿಮೆಯಾಗಿ ಸಾಲು ನೇರವಾಗುತ್ತದೆ.

ಈಗ ನಮ್ಮ ದಪ್ಪ ಕಾಳಿಗೆ ಬರೋಣ.

ಗಾಳಿ ಮಗ್ಗುಲಿನಲ್ಲಿ ದಪ್ಪ, ಸಣ್ಣ ಎರಡೂ ಇವೆ. ಪೆಟ್ಟು ಎರಡಕ್ಕೂ ಬೀಳುತ್ತದೆ. ಸಣ್ಣದು ಚಿಮ್ಮುತ್ತದೆ. ಕೆಲವು ನೆತ್ತಿಯನ್ನೇ ದಾಟಿ ಹೋಗುತ್ತವೆ, ಕೆಲವು ಮುಂದಿನ ನೆರಿಗೆಗೇ ಹಾರುತ್ತವೆ. ದಪ್ಪದ್ದಕ್ಕೆ ಆ ಶಕ್ತಿ ಇಲ್ಲ. ಅದು ಪೆಟ್ಟು ತಿನ್ನುತ್ತಾ ತಿನ್ನುತ್ತಾ ಏರು ಹತ್ತುತ್ತದೆ. ಹತ್ತಿ ಹತ್ತಿ ನೆತ್ತಿಗೆ ಬಂತು. ಮುಂದೆ? ನೆತ್ತಿಯಿಂದ ಒಂದು ಹೆಜ್ಜೆ ಆಚೆ ಹೋದರೆ ಮರೆ. ಮರೆಯಲ್ಲಿ ತಳ್ಳುವವರಿಲ್ಲ. ತಳ್ಳುವವರಿದ್ದರೆ ಮಾತ್ರ ನಡೆಯುವ ಕಾಳು ಅಲ್ಲಿಗೆ ನಿಲ್ಲುತ್ತದೆ. ನೆತ್ತಿಯಲ್ಲಿ ಗಾಳಿ ಸ್ವಲ್ಪ ಜೋರೇ. ಅಲ್ಲಿ ಕೂತ ಸಣ್ಣ ಕಾಳನ್ನು ಅದು ಎತ್ತಿಕೊಂಡು ಹೋಗುತ್ತದೆ. ದಪ್ಪದ್ದನ್ನು ಎತ್ತಲಾರದು. ಕೊನೆಗೆ ನೆತ್ತಿಯಲ್ಲಿ ಉಳಿಯುವುದು ಯಾರು ಅಂತ ಹೇಳಬೇಕಾಗಿಲ್ಲ.

ಹಾಗಾದರೆ ಕಣದಲ್ಲಿ ತೂರುವ ಲೆಕ್ಕ ಸುಳ್ಳಾಯಿತೇ? ಇಲ್ಲ. ಇಲ್ಲೂ ಹಗುರಾದದ್ದು ದೂರ ಹೋಗಿದೆ, ಭಾರದ್ದು ಹಿಂದೆ ಉಳಿದಿದೆ. ಭಾರದ್ದು ಹಿಂದೆ ಉಳಿದ ಜಾಗ ನೆತ್ತಿಯಾಗಿದೆ, ಅಷ್ಟೇ ವ್ಯತ್ಯಾಸ. ಯಾಕೆಂದರೆ ಅದರ ದಾರಿ ಮುಗಿಯುವುದೇ ಅಲ್ಲಿ.

ಅಲ್ಲಿ ಕೂತ ಕಾಳು ಅಲ್ಲೇ ಇದ್ದುಬಿಡುತ್ತದೆಯೇ ಅಂದರೆ ಅದೂ ಅಲ್ಲ. ನೆರಿಗೆ ನಡೆಯುತ್ತಿದೆಯಲ್ಲ. ನೆತ್ತಿ ಮುಂದಕ್ಕೆ ಸರಿದಂತೆ ಕೆಲವು ದಪ್ಪ ಕಾಳುಗಳು ಮರೆ ಮಗ್ಗುಲಿಗೆ ಉರುಳಿ ಹೂತುಹೋಗುತ್ತವೆ. ಅವುಗಳ ಮೇಲೆ ನೆರಿಗೆ ಹಾದುಹೋಗುತ್ತದೆ. ಇಡೀ ನೆರಿಗೆ ದಾಟಿದ ಮೇಲೆ ಅದೇ ಕಾಳುಗಳು ಗಾಳಿ ಮಗ್ಗುಲಿನಲ್ಲಿ ಮತ್ತೆ ಮೇಲೆ ಕಾಣಿಸಿಕೊಳ್ಳುತ್ತವೆ. ಮತ್ತೆ ಪೆಟ್ಟು, ಮತ್ತೆ ಏರು, ಮತ್ತೆ ನೆತ್ತಿ. ಟ್ರ್ಯಾಕ್ಟರಿನ ಅಗಲದ ಚೈನ್ ಚಕ್ರ ತನ್ನ ಪಟ್ಟಿಯನ್ನು ತಾನೇ ಮುಂದೆ ಹಾಸಿಕೊಂಡು ಹೋಗುತ್ತದಲ್ಲ, ಜೆಸಿಬಿ ಇಟಾಚಿಯಲ್ಲಿ ನೋಡಿರುತ್ತೀರಿ, ಹಾಗೆ ನೆರಿಗೆ ತನ್ನ ದಪ್ಪ ಕಾಳುಗಳನ್ನು ತನ್ನೊಳಗೇ ಸುತ್ತಿಸುತ್ತಾ ನಡೆಯುತ್ತದೆ.

ಇದರಿಂದ ಒಂದು ಪರಿಣಾಮ. ನೆರಿಗೆ ಎಷ್ಟು ಎತ್ತರ ಬೆಳೆಯಬಹುದು ಅನ್ನುವುದು ದಪ್ಪ ಕಾಳಿನ ಮೇಲೆ ನಿಂತಿದೆ. ನೆತ್ತಿ ಮೇಲೆ ಹೋದಷ್ಟೂ ಗಾಳಿ ಜೋರು. ಮರಳೆಲ್ಲ ಒಂದೇ ಅಳತೆಯ ಸಣ್ಣ ಕಾಳಾದರೆ ನೆತ್ತಿ ಬೇಗ ಕಿತ್ತುಹೋಗುತ್ತದೆ. ಅಂಥ ಕಡೆ ನೆರಿಗೆ ಚಪ್ಪಟೆ. ಸ್ವಲ್ಪ ದಪ್ಪ ಮರಳು ಬೆರೆತಿದ್ದರೆ ಅದು ನೆತ್ತಿಗೆ ತಾರಸಿ ಹಾಕಿದ ಹಾಗೆ ಕೂತು ಕಾಪಾಡುತ್ತದೆ. ನೆರಿಗೆ ಎತ್ತರಕ್ಕೆ ಬೆಳೆಯುತ್ತದೆ. ಹೀಗೆ ವರ್ಷಗಟ್ಟಲೆ ಬೆಳೆಯಲು ಬಿಟ್ಟರೆ? ಲಿಬಿಯಾದಲ್ಲಿ ಬ್ಯಾಗ್ನೋಲ್ಡ್ ನೋಡಿದ ದಪ್ಪ ಮರಳಿನ ಏಣುಗಳು ಒಂದರಿಂದ ಒಂದಕ್ಕೆ 20 ಮೀಟರ್ ದೂರ, 60 ಸೆಂಟಿಮೀಟರ್ ಎತ್ತರ ಇದ್ದವು. ಅರ್ಜೆಂಟೀನಾದ ಪುನಾ ಪ್ರಸ್ಥಭೂಮಿಯಲ್ಲಿ ಜಲ್ಲಿಕಲ್ಲೇ ನೆತ್ತಿಗೆ ಕೂತ ನೆರಿಗೆಗಳಿವೆ. ಅವುಗಳಲ್ಲಿ ಕೆಲವು ಆಳೆತ್ತರಕ್ಕಿಂತಲೂ ಜಾಸ್ತಿ. ಅಲ್ಲಿ ಗಾಳಿ ಎಂಥದ್ದಿರಬೇಕು ಯೋಚಿಸಿ.

ಇನ್ನೊಂದು ವಿಷಯ ಹೇಳಲೇಬೇಕು. ಎರಡು ನೆರಿಗೆಗಳ ನಡುವಿನ ಅಂತರ ನಾಲ್ಕು ಬೆರಳೇ ಯಾಕೆ? ಇದಕ್ಕೆ ಬ್ಯಾಗ್ನೋಲ್ಡ್ ಕೊಟ್ಟ ಉತ್ತರ ಬಹಳ ಅಂದವಾಗಿತ್ತು. ಕುಪ್ಪಳಿಸುವ ಕಾಳಿನ ಒಂದು ಜಿಗಿತ ಎಷ್ಟು ಉದ್ದವೋ ಅಷ್ಟೇ ಅಂತರ ಅಂದ. ಒಂದು ನೆರಿಗೆಯಿಂದ ಹಾರಿದ ಕಾಳು ಸರಿಯಾಗಿ ಮುಂದಿನ ನೆರಿಗೆಯ ಮೇಲೆ ಇಳಿಯುತ್ತದೆ. ಕೇಳಲು ಚೆನ್ನಾಗಿದೆ. ನಾನೂ ಬಹಳ ವರ್ಷ ಹಾಗೇ ನಂಬಿದ್ದೆ, ಪಾಠವನ್ನೂ ಹಾಗೇ ಮಾಡಿದ್ದೆ. ಆದರೆ ಅದು ನಿಲ್ಲಲಿಲ್ಲ. 1963ರಲ್ಲಿ ರಾಬರ್ಟ್ ಶಾರ್ಪ್ ಎಂಬ ಭೂವಿಜ್ಞಾನಿ ಕ್ಯಾಲಿಫೋರ್ನಿಯಾದ ಕೆಲ್ಸೋ ದಿಬ್ಬಗಳಲ್ಲಿ ನೆರಿಗೆಗಳನ್ನು ನೋಡಿ ಬರೆದರು. ಶುರುವಿನ ನೆರಿಗೆಗಳು ಒತ್ತೊತ್ತಾಗಿರುತ್ತವೆ, ಬೆಳೆಯುತ್ತಾ ಬೆಳೆಯುತ್ತಾ ಅಂತರ ಹೆಚ್ಚುತ್ತದೆ. ಅಂತರ ನಿಂತಿರುವುದು ನೆರಿಗೆಯ ಎತ್ತರ ಮತ್ತು ಅದರ ಮರೆಯ ಉದ್ದದ ಮೇಲೆ ಅನ್ನುವುದು ಅವರ ವಾದ. 1987ರಲ್ಲಿ ರಾಬರ್ಟ್ ಆಂಡರ್ಸನ್ ಲೆಕ್ಕ ಕಟ್ಟಿ ತೋರಿಸಿದರು. ದೊಡ್ಡ ಜಿಗಿತದ ಕಾಳುಗಳು ನೆರಿಗೆಯ ಅಂತರಕ್ಕೆ ಲೆಕ್ಕಕ್ಕೇ ಬರುವುದಿಲ್ಲ. ಅವು ಬರೀ ಬಡಿಯುವ ಕೋಲು. ನೆರಿಗೆ ಕಟ್ಟುವುದು ಪೆಟ್ಟಿಗೆ ಚಿಮ್ಮಿ ಪಕ್ಕದಲ್ಲೇ ಬೀಳುವ ಪುಟ್ಟ ಕಾಳುಗಳು. ಶುರುವಿನ ಅಂತರ ಆ ಪುಟ್ಟ ಜಿಗಿತದ ಕೆಲವು ಪಟ್ಟು ಇರುತ್ತದೆ. ಆಮೇಲೆ ನೆರಿಗೆಗಳು ಒಂದರಲ್ಲೊಂದು ಸೇರಿ ಅಂತರ ದೊಡ್ಡದಾಗುತ್ತದೆ.

ಬ್ಯಾಗ್ನೋಲ್ಡ್ ತಪ್ಪಿದ ಅಂತ ನಾನು ಅವನನ್ನು ಕೆಳಗಿಳಿಸುತ್ತಿಲ್ಲ. ಪೆಟ್ಟಿನ ವಿಷಯ ಮೊದಲು ಕಂಡವನೇ ಅವನು. ದೊಡ್ಡ ಜಿಗಿತ ಕಣ್ಣಿಗೆ ಬೀಳುತ್ತದೆ, ಪುಟ್ಟದು ಬೀಳುವುದಿಲ್ಲ. ಮದುವೆ ಮನೆಯಲ್ಲಿ ಓಡಾಡಿ ಗದ್ದಲ ಮಾಡುವವರೇ ನಮಗೆ ಕಾಣುತ್ತಾರೆ, ಕೆಲಸ ನಡೆಯುವುದು ಅಡುಗೆಮನೆಯಲ್ಲಿ ಅಲ್ವಾ?

ದಪ್ಪ ಕಾಳು ಮೇಲೆ, ಸಣ್ಣದು ಕೆಳಗೆ ಅನ್ನುವ ಈ ಸಂಗತಿ ಒಮ್ಮೆ ಮಂಗಳ ಗ್ರಹದಲ್ಲಿ ದೊಡ್ಡ ಪೇಚಿಗೆ ಸಿಕ್ಕಿಸಿತ್ತು. ನಾಸಾದ ಆಪರ್ಚುನಿಟಿ ರೋವರ್ 2004ರಿಂದ ಅಲ್ಲಿನ ಮೆರಿಡಿಯಾನಿ ಬಯಲಿನಲ್ಲಿ ಓಡಾಡುತ್ತಿತ್ತು. ಬಯಲ ತುಂಬ ನೆರಿಗೆಗಳು. ನೂರಾರನ್ನು ಆರಾಮಾಗಿ ದಾಟಿತ್ತು. 2005ರ ಏಪ್ರಿಲ್ ಕೊನೆಯಲ್ಲಿ ಒಂದು ನೆರಿಗೆ ದಾಟಲು ಹೋಗಿ ಆರೂ ಚಕ್ರ ಹೂತುಕೊಂಡಿತು. ಆ ನೆರಿಗೆಯ ಎತ್ತರ ಒಂದು ಅಡಿ, ಅಷ್ಟೇ. ಮೇಲೆ ದಪ್ಪ ಕಾಳಿನ ಒಂದು ಪದರ. ನೋಡಲು ಗಟ್ಟಿ. ಒಳಗೆ ನುಣ್ಣನೆಯ ಪುಡಿ. ಚಕ್ರ ಮೇಲಿನ ಪದರ ಒಡೆದು ಒಳಗೆ ಇಳಿಯಿತು. ಎಂಜಿನಿಯರುಗಳು ಭೂಮಿಯ ಮೇಲೆ ಅಂಥದೇ ಪುಡಿ ಕಲಸಿ, ಅದರಲ್ಲಿ ಇನ್ನೊಂದು ರೋವರ್ ಹೂತು, ಹೇಗೆ ಹೊರಬರುವುದು ಅಂತ ಅಭ್ಯಾಸ ಮಾಡಿದರು. ಜಾರದಿದ್ದರೆ 192 ಮೀಟರ್ ಹೋಗುವಷ್ಟು ಚಕ್ರ ತಿರುಗಿಸಿದ ಮೇಲೆ, ಜೂನ್ 4ಕ್ಕೆ ಅದು ಹೊರಬಂತು. ಆ ನೆರಿಗೆಗೆ ಪರ್ಗೆಟರಿ ಅಂತ ಹೆಸರಿಟ್ಟರು. ಕ್ರೈಸ್ತರ ನಂಬಿಕೆಯಲ್ಲಿ ಅದು ಸ್ವರ್ಗಕ್ಕೆ ಹೋಗುವ ಮುಂಚೆ ಪಾಪ ತೊಳೆದುಕೊಳ್ಳುವ ಜಾಗ. ಹತ್ತು ವರ್ಷ ಕಳೆದು, 2015ರ ಕೊನೆಯಲ್ಲಿ, ಕ್ಯೂರಿಯಾಸಿಟಿ ರೋವರ್ ಮಂಗಳದ ಇನ್ನೊಂದು ಜಾಗದಲ್ಲಿ ದಿಬ್ಬಗಳ ಸಾಲನ್ನು ತಲುಪಿತು. ಆ ದಿಬ್ಬಗಳಿಗೆ ಇಟ್ಟ ಹೆಸರು ಬ್ಯಾಗ್ನೋಲ್ಡ್ ದಿಬ್ಬಗಳು.

ನಮ್ಮಲ್ಲಿ ಮರುಭೂಮಿ ಇಲ್ಲ. ಆದರೆ ಗಾಳಿ ಮರಳು ಆರಿಸುವುದನ್ನು ನೋಡಲು ತಲಕಾಡಿಗೆ ಹೋಗಬಹುದು. ಶಾಪದ ಕತೆ ನಿಮಗೆಲ್ಲ ಗೊತ್ತು, ಹೇಳುವುದಿಲ್ಲ. ಕಾವೇರಿ ಅಲ್ಲಿ ದೊಡ್ಡದಾಗಿ ಬಳಸಿಕೊಂಡು ಹರಿಯುತ್ತದೆ. ಹೊಳೆ ಮೊದಲು ಮಣ್ಣು ಕೆಸರನ್ನು ತೊಳೆದು ಒಯ್ದು ಮರಳನ್ನು ಬಿಟ್ಟಿತು. ಬೇಸಿಗೆಯಲ್ಲಿ ಪಾತ್ರ ಒಣಗಿದಾಗ ಆ ಮರಳಿನಿಂದ ಗಾಳಿ ತನಗೆ ಎತ್ತಲು ಆಗುವಂಥದ್ದನ್ನು ಮಾತ್ರ ಎತ್ತಿತು. ಕಲ್ಲು ಹೊಳೆಯಲ್ಲೇ ಉಳಿಯಿತು. ಧೂಳು ಎಲ್ಲೋ ಹೋಯಿತು. ನಡುವಿನದ್ದು ದೇವಸ್ಥಾನಗಳ ಮೇಲೆ ಬಿತ್ತು. 2020ರಲ್ಲಿ ಪಂಚಲಿಂಗ ದರ್ಶನಕ್ಕೆ ಹೋದವರು ಮರಳಿನಲ್ಲಿ ಕಾಲೆಳೆದುಕೊಂಡು ನಡೆದದ್ದು ನೆನಪಿರಬಹುದು. ಈಗ ಮರಗಳಿವೆ, ಜನರ ಕಾಲ್ತುಳಿತ ಇದೆ. ನೆರಿಗೆ ನೋಡಲು ಅದು ಒಳ್ಳೆಯ ಜಾಗವಲ್ಲ.

ನೆರಿಗೆಗೆ ಕರಾವಳಿಗೆ ಹೋಗಿ. ಮಲ್ಪೆ, ಮರವಂತೆ, ಗೋಕರ್ಣ, ಯಾವುದಾದರೂ ಸರಿ. ನೀರು ಮುಟ್ಟುವ ಗೆರೆಯಿಂದ ಮೇಲೆ, ಒಣ ಮರಳಿನಲ್ಲಿ ನೋಡಿ. ಮಧ್ಯಾಹ್ನದ ಗಾಳಿ ಬೀಸಿ ನಿಂತ ಮೇಲೆ ಇಳಿಬಿಸಿಲಿನಲ್ಲಿ ಚೆನ್ನಾಗಿ ಕಾಣುತ್ತದೆ. ಜೊತೆಗೆ ಸೆಲ್ಲೋ ಟೇಪ್ ಒಯ್ಯಿರಿ. ನೆತ್ತಿಗೆ ಒಂದು ತುಂಡು ಒತ್ತಿ, ತಗ್ಗಿಗೆ ಒಂದು ತುಂಡು ಒತ್ತಿ. ಎರಡನ್ನೂ ಬಿಳಿ ಹಾಳೆಗೆ ಅಂಟಿಸಿ ಲೆನ್ಸಿನಲ್ಲಿ ನೋಡಿ. ಅಲ್ಲೇ ಕೆಳಗೆ, ನೀರು ಇಳಿದ ಜಾಗದಲ್ಲೂ ನೆರಿಗೆ ಇರುತ್ತದೆ. ಅದು ನೀರಿನದು. ಅದಕ್ಕೂ ಟೇಪ್ ಒತ್ತಿ, ಹೋಲಿಸಿ.

ನನ್ನ ಮಾತು ಇಷ್ಟು. ಪ್ರಶ್ನೆಗಳಿದ್ದರೆ ಕೇಳಿ.

"ನೆರಿಗೆ ಬೆಳೀತಾ ಬೆಳೀತಾ ದಿಬ್ಬ ಆಗುತ್ತಾ ಸಾರ್?" ಅಂತ ಒಬ್ಬ ಹುಡುಗಿ ಕೇಳಿದಳು. ಇಲ್ಲಮ್ಮ. ಅದು ಎಲ್ಲರಿಗೂ ಬರುವ ಅನುಮಾನ. ನೆರಿಗೆ ಕಾಳಿನ ಪೆಟ್ಟಿನಿಂದ ಆಗುವುದು. ದಿಬ್ಬವನ್ನು ಕಟ್ಟುವುದು ಅದರ ಮೈಮೇಲೆ ಹರಿಯುವ ಗಾಳಿಯೇ. ಹಾಗಾಗಿ ದಿಬ್ಬ ಅಂತ ನಿಲ್ಲಬೇಕಾದರೆ ಅದು ಮೊದಲೇ ಹತ್ತಾರು ಅಡಿ ಉದ್ದ ಇರಬೇಕು. ನಾಲ್ಕು ಬೆರಳಿನ ನೆರಿಗೆ ಎಷ್ಟು ಕಾದರೂ ದಿಬ್ಬವಾಗುವುದಿಲ್ಲ. ದಿಬ್ಬದ ಮೈಮೇಲೆ ನೆರಿಗೆ ಇರುತ್ತದೆ, ಆನೆಯ ಚರ್ಮದ ಮೇಲೆ ಸುಕ್ಕು ಇದ್ದ ಹಾಗೆ.

"ಗಾಳಿ ಇನ್ನೂ ಜೋರಾದರೆ?" ಅಂತರ ಸ್ವಲ್ಪ ಹೆಚ್ಚುತ್ತದೆ. ತೀರಾ ಜೋರಾದರೆ ನೆರಿಗೆಯೇ ಅಳಿಸಿಹೋಗಿ ಮೈ ಚಪ್ಪಟೆಯಾಗುತ್ತದೆ. ದಪ್ಪ ಕಾಳು ಕೂಡ ಹಾರಲು ಶುರುವಾದರೆ ನೆತ್ತಿಯನ್ನು ಕಾಯುವವರು ಯಾರು?

ಹಿಂದಿನ ಸಾಲಿನ ಹಿರಿಯರೊಬ್ಬರು ಬಾದಾಮಿಯ ಕಡೆಯವರು. ಬಂಡೆಗಳ ಮೇಲೆ ಇಂಥದೇ ಗೆರೆ ನೋಡಿದ್ದೇನೆ, ಅದು ಗಾಳಿಯದಾ ಅಂತ ಕೇಳಿದರು. ಬಾದಾಮಿ ಸುತ್ತಿನ ಮರಳುಗಲ್ಲು ಹೆಚ್ಚಾಗಿ ಹೊಳೆಗಳು ತಂದು ಹಾಕಿದ ಮರಳಿನಿಂದ ಆದದ್ದು. ಆದ್ದರಿಂದ ಮೊದಲ ಅನುಮಾನ ನೀರಿನ ಮೇಲೆ. ಆದರೂ ಸುಮ್ನೆ ನಂಬಬೇಡಿ, ಲೆನ್ಸ್ ಹಿಡಿದು ನೋಡಿ. ಎರಡೂ ಮಗ್ಗುಲು ಒಂದೇ ಥರ ಇಳಿಜಾರಾಗಿದ್ದರೆ ಅದು ಹಿಂದೆ ಮುಂದೆ ಆಡುವ ನೀರಿನ ಅಲೆಯದು. ಗೆರೆಯ ನೆತ್ತಿಯಲ್ಲಿ ದಪ್ಪ ಕಾಳು ಕಂಡರೆ ನನಗೊಂದು ಫೋನ್ ಮಾಡಿ, ನಾನೂ ಬರುತ್ತೇನೆ.

ಸಮ್‌ನಿಂದ ತಂದ ಎರಡೂ ಪೊಟ್ಟಣ ಇಲ್ಲಿ ಮೇಜಿನ ಮೇಲಿವೆ. ಲೆನ್ಸ್ ಒಂದೇ ಇದೆ, ಸಾಲಾಗಿ ಬನ್ನಿ. ಬಿಚ್ಚುವ ಮುಂಚೆ ಯಾರಾದರೂ ಆ ಫ್ಯಾನ್ ಆಫ್ ಮಾಡಿ.